ಬೆನ್ನುಹುರಿಯ ‘ಫಿಸ್ಟುಲಾ’ಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಶಸ್ತ್ರಚಿಕಿತ್ಸೆಗೆ ಮೊದಲು ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಕನ್ನಡಿಸುತ್ತಿರುವವರೊಬ್ಬರು ಮೇಲಿನ ಪ್ರಶ್ನೆ ಕೇಳಿದ್ದಾರೆ. ಉತ್ತರವಾಗಿ ಕೆಲವರು ‘ನಾಡೀವ್ರಣ’, ‘ನೆತ್ತರುನಾಳ’ ಎಂದಿದ್ದಾರೆ, ಕೆಲವರು ‘ಫಿಸ್ಟುಲಾ’ ಎಂದೇ ಇರಲಿ ಎಂದಿದ್ದಾರೆ. ಅನುವಾದ ನಾಳೆಯೇ ಅಚ್ಚಿಗೆ ಹೋಗಬೇಕೆಂದು ಪ್ರಶ್ನೆ ಕೇಳಿದವರು ಬರೆದಿದ್ದಾರೆ. ಆದ್ದರಿಂದ ಮೊದಲು ಪದವನ್ನು ಹೇಳಿ, ಕಾರಣವನ್ನು ಆಮೇಲೆ ಕೊಡುತ್ತೇನೆ. ‘ಬೆನ್ನುಹುರಿ ಹೊರಪೊರೆಯ ಧಮನಿ–ಸಿರೆ ಅಡ್ಡಸಂಪರ್ಕ’ ಎಂದು ಬರೆಯಿರಿ (ಧಮನಿ ಹೃದಯದಿಂದ ರಕ್ತ ಒಯ್ಯುವ ನಾಳ, ಸಿರೆ ಹೃದಯದ ಕಡೆಗೆ ತರುವ ನಾಳ). ಮೊದಲ ಸಲ ಬಂದಲ್ಲಿ ಮಾತ್ರ ‘ಡ್ಯೂರಲ್ ಎ.ವಿ. ಫಿಸ್ಟುಲಾ’ ಎಂಬುದನ್ನೂ ಜೊತೆಗಿಡಿ, ಏಕೆಂದರೆ ರೋಗಿಯ ಕೈಯಲ್ಲಿರುವ ವರದಿಯಲ್ಲಿ ಆ ಹೆಸರೇ ಇರುತ್ತದೆ.

‘ನಾಡೀವ್ರಣ’ ಸಲ್ಲದು. ಸುಶ್ರುತ ಸಂಹಿತೆಯಲ್ಲಿ ಆ ಪದವಿದೆ ಎಂಬುದು ನಿಜ. ಆದರೆ ಅಲ್ಲಿ ಅದು ಒಳಗೊಳಗೇ ಕೊರೆದುಕೊಂಡು ಹೋಗಿ ಕೀವು ಒಸರುವ ಹುಣ್ಣು. ಇಲ್ಲಿ ಹುಣ್ಣೂ ಇಲ್ಲ, ಕೀವೂ ಇಲ್ಲ. ಲ್ಯಾಟಿನ್ನಿನಲ್ಲಿ ಫಿಸ್ಟುಲಾ ಎಂದರೆ ಕೊಳವೆ, ಕೊಳಲು; ನಮ್ಮ ‘ಧಮನಿ’ಯೂ ಊದು ಎಂಬರ್ಥದ ಧಾತುವಿನಿಂದ ಬಂದದ್ದೇ. ಈ ನಂಟು ನನಗೂ ಪ್ರಿಯವಾದದ್ದು, ಆದರೆ ಶಸ್ತ್ರಚಿಕಿತ್ಸೆಗೆ ಸಹಿ ಹಾಕುವವರಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ.

ಬೆನ್ನುಹುರಿಯನ್ನು ಸುತ್ತಿರುವ ಗಟ್ಟಿ ಹೊರಪೊರೆಯಲ್ಲಿ, ನರದ ಬೇರು ಹೊರಬೀಳುವ ಜಾಗದಲ್ಲಿ, ಒಂದು ಸಣ್ಣ ಧಮನಿ ನಡುವೆ ಲೋಮನಾಳಗಳೇ (ಧಮನಿಗೂ ಸಿರೆಗೂ ನಡುವಿನ ಕೂದಲೆಳೆಯಂಥ ರಕ್ತನಾಳಗಳೇ) ಇಲ್ಲದೆ ನೇರವಾಗಿ ಸಿರೆಗೆ ಸೇರಿಬಿಡುತ್ತದೆ. ಧಮನಿಯ ಒತ್ತಡವೆಲ್ಲ ಸಿರೆಯ ಮೇಲೆ ಬಿದ್ದು, ಹುರಿಯಿಂದ ಹೊರಹೋಗಬೇಕಾದ ರಕ್ತ ಹೋಗಲಾರದೆ ತಡೆದು ನಿಂತು, ಹುರಿ ಬಾತುಕೊಳ್ಳುತ್ತದೆ. ನಾಲೆಯ ನೀರು ಗದ್ದೆಗೆ ಹಾಯದೆ ನೇರವಾಗಿ ಬಸಿಗಾಲುವೆಗೆ ನುಗ್ಗಿದರೆ, ಬಸಿಯಬೇಕಾದ ನೀರು ಹಿಂದಕ್ಕೊತ್ತಿ ಹೊಲ ಜವಳಾಗುವುದನ್ನು ಕಂಡವರಿಗೆ ಇದು ಒಂದೇ ಮಾತಿಗೆ ತಿಳಿಯುತ್ತದೆ. ‘ಅಡ್ಡ’ ಎಂಬ ಮಾತು ನನಗೆ ಹೊಳೆದದ್ದು ಅಲ್ಲಿಂದಲೇ.

ನನ್ನ ಸೋದರಮಾವನವರಿಗೆ ಆದದ್ದು ಈ ಕಾಯಿಲೆಯೇ. ಅರವತ್ತು ದಾಟಿದ್ದ ಅವರು ಮನೆಯಿಂದ ಹಾಲಿನ ಡೇರಿಗೆ ಹೋಗುವಷ್ಟರಲ್ಲಿ ಕಾಲು ಸೋತು ಅರಳಿಕಟ್ಟೆಯ ಮೇಲೆ ಕೂರುತ್ತಿದ್ದರು. ಮೂತ್ರ ಕಟ್ಟಿದಾಗ ಪ್ರಾಸ್ಟೇಟ್ ಎಂದರು, ಪಾದ ಜೋಮು ಹಿಡಿದಾಗ ಡಿಸ್ಕ್ ಎಂದರು. ಕೊನೆಗೆ ಎಂಆರ್‌ಐಯಲ್ಲಿ ಹುರಿಯ ಊತವೂ ಅದರ ಹಿಂಬದಿಯಲ್ಲಿ ಹುಳುಗಳಂತೆ ಸುತ್ತಿಕೊಂಡ ಸಿರೆಗಳೂ ಕಂಡವು. ಧಮನಿ ಸಿರೆಗೆ ಕೂಡಿದ ಜಾಗವನ್ನು ಬೆನ್ನುಹುರಿಯ ಆಂಜಿಯೋಗ್ರಾಂ (ರಕ್ತನಾಳಗಳ ಎಕ್ಸ್‌-ರೇ ಚಿತ್ರ) ತೋರಿಸಿತು. ಆದರೆ ಒಪ್ಪಿಗೆ ಪತ್ರದಲ್ಲಿ ‘ನಾಳವ್ರಣ’ ಎಂದಿದ್ದುದನ್ನು ನಾನು ಓದಿ ಹೇಳಿದಾಗ ಅವರು, “ಹುಣ್ಣು ತಾನೆ? ಔಷಧಿಯಲ್ಲೇ ಮಾಗಲಿ, ಬೆನ್ನು ಕುಯ್ಯುವುದು ಬೇಡ” ಎಂದು ಮನೆಗೆ ಹೊರಟುಬಿಟ್ಟರು. ತಡವಾದಷ್ಟೂ ಕಾಲಿನ ಶಕ್ತಿ ಮರಳುವ ಭರವಸೆ ಕಡಿಮೆಯಾಗುವ ಕಾಯಿಲೆಯಲ್ಲಿ ಒಂದು ತಪ್ಪು ಪದಕ್ಕೆ ಎರಡು ವಾರ ಹೋದವು. ನನ್ನ ದನಿ ಇಲ್ಲಿ ಗಡುಸಾಗಿದ್ದರೆ ಅದಕ್ಕೆ ಇದೇ ಕಾರಣ.

‘ಫಿಸ್ಟುಲಾ’ ಎಂದೇ ಉಳಿಸಿಕೊಳ್ಳಿ, ಎರವಲು ಪದಕ್ಕೆ ಅಂಜಬಾರದು ಎಂದವರಿಗೆ: ನಾನು ಎರವಲಿನ ವಿರೋಧಿಯಲ್ಲ, ‘ಆಂಜಿಯೋಗ್ರಾಂ’ ಅನ್ನು ಈಗತಾನೆ ಹಾಗೆಯೇ ಬಳಸಿದ್ದೇನೆ. ಆದರೆ ಊರೂರಿನ ಬಸ್ ನಿಲ್ದಾಣದ ಬಳಿಯ ಫಲಕಗಳಲ್ಲಿ ‘ಪೈಲ್ಸ್, ಫಿಶರ್, ಫಿಸ್ಟುಲಾ’ ಎಂದು ಓದಿ ಓದಿ, ಆ ಪದಕ್ಕೆ ಜನರ ಮನಸ್ಸಿನಲ್ಲಿ ಭಗಂದರ, ಅಂದರೆ ಗುದದ ಬಳಿ ಕೀವು ಒಸರುವ ಹುಣ್ಣು, ಎಂಬ ಅರ್ಥ ಗಟ್ಟಿಯಾಗಿದೆ. ಡಯಾಲಿಸಿಸ್‌ಗೆ ಹೋಗುವವರು ಮಾತ್ರ ಕೈಯಲ್ಲಿ ಬೇಕೆಂದೇ ಮಾಡಿಸಿಕೊಂಡ ಧಮನಿ–ಸಿರೆ ಕೂಡಿಕೆಗೆ ಅದನ್ನು ಸರಿಯಾಗಿ ಬಳಸುತ್ತಾರೆ. ಅದೂ ವ್ರಣವಲ್ಲ ಎಂಬುದನ್ನು ಗಮನಿಸಿ.

‘ಅಡ್ಡಸಂಪರ್ಕ’ ಅರಿಸಮಾಸ, ಅಂದರೆ ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಸಮಾಸ, ಎಂಬ ಆಕ್ಷೇಪಕ್ಕೆ ಒಂದೇ ಉತ್ತರ: ‘ಮಳೆಗಾಲ’ ಬಿಟ್ಟವರು ಇದನ್ನೂ ಬಿಡಲಿ. ಅಚ್ಚಗನ್ನಡವೆಂದು ಕೆಲವರು ಸೂಚಿಸಿದ ‘ನೆತ್ತರುನಾಳ’ದಲ್ಲಿ ನಾಳ ಎಲ್ಲಿಯದು? ಸಂಸ್ಕೃತದ್ದೇ.

ಪಠ್ಯಪುಸ್ತಕಗಳ ‘ಅಪಧಮನಿ’, ‘ಅಭಿಧಮನಿ’ಗಳು ರಚನೆಯಲ್ಲಿ ಚೊಕ್ಕವಾಗಿವೆ: ಹೃದಯದಿಂದ ದೂರಕ್ಕೆ ಒಯ್ಯುವುದು ಅಪ, ಹೃದಯದ ಕಡೆಗೆ ತರುವುದು ಅಭಿ. ಆದರೆ ಎರಡೂ ಒಂದೇ ವಾಕ್ಯದಲ್ಲಿ ಬಂದಾಗ ಓದಿ ಹೇಳುವ ದಾದಿಯೂ ತಡವರಿಸುತ್ತಾರೆ, ಕೇಳುವವರಿಗೆ ಎರಡೂ ಒಂದೇ ಆಗುತ್ತದೆ. ಇಲ್ಲಿ ಇಡೀ ಕಾಯಿಲೆಯೇ ಆ ಎರಡರ ಬೆರಕೆಯಾದ್ದರಿಂದ ‘ಧಮನಿ’, ‘ಸಿರೆ’ಗಳೇ ಕ್ಷೇಮ. ‘ನರ’ ಮಾತ್ರ ಬೇಡವೇ ಬೇಡ. ಆಡುಮಾತಿನಲ್ಲಿ ಕೈಮೇಲೆ ಉಬ್ಬಿದ ಸಿರೆಯೂ ನರವೇ, ಜೋಮು ಹಿಡಿದದ್ದೂ ನರವೇ.

ಕೊನೆಗೆ ಕ್ರಿಯಾಪದವನ್ನು ಹಚ್ಚಿ ನೋಡಿ. ವ್ರಣವನ್ನು ಮಾಗಿಸಬೇಕು, ಸಂಪರ್ಕವನ್ನು ಕಡಿಯಬೇಕು. ವೈದ್ಯರು ಮಾಡುವುದು ಎರಡನೆಯದನ್ನೇ. ಆದ್ದರಿಂದ ಪತ್ರದ ವಾಕ್ಯ ಹೀಗಿರಲಿ: “ಬೆನ್ನಿನ ಕಡೆಯಿಂದ ಮೂಳೆಯ ಸ್ವಲ್ಪ ಭಾಗವನ್ನು ತೆಗೆದು ಈ ಅಡ್ಡಸಂಪರ್ಕವನ್ನು ಕಡಿಯಲಾಗುವುದು, ಅಥವಾ ತೊಡೆಸಂದಿನ ಧಮನಿಯಿಂದ ತೆಳುವಾದ ಕೊಳವೆಯನ್ನು ಅಲ್ಲಿಯವರೆಗೆ ಸಾಗಿಸಿ, ಅಂಟುದ್ರವವನ್ನು ಬಿಟ್ಟು ಅದನ್ನು ಮುಚ್ಚಲಾಗುವುದು. ಬೆನ್ನುಹುರಿಗೆ ರಕ್ತ ಕೊಡುವ ಧಮನಿಯೂ ಅದೇ ಕವಲಿನಿಂದ ಹೊರಟಿದ್ದರೆ ಅಂಟು ಬಿಡುವುದು ಅಪಾಯಕರವಾದ್ದರಿಂದ, ಶಸ್ತ್ರಚಿಕಿತ್ಸೆಯನ್ನೇ ಆಯ್ದುಕೊಳ್ಳಲಾಗುವುದು.”