ಪದಚರ್ಚೆ: ಹಗ್ಗವೇ ಹಿಡಿದ ಹಡಗಿಗೆ ಏನನ್ನೋಣ?

ಗೆಳೆಯರೇ,
ಶಾಲೆಯ ಪ್ರದರ್ಶನಕ್ಕೆ ಒಂದು ಫಲಕ ಅನುವಾದಿಸುತ್ತಿದ್ದೇನೆ. ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ವಿಷಯ ಈಜಿಪ್ಟಿನ ದೊರೆ ಖೂಫುವಿನ ಹಡಗು. 1954ರಲ್ಲಿ ಗೀಜಾದ ದೊಡ್ಡ ಪಿರಮಿಡ್ಡಿನ ಪಕ್ಕದ ಹೊಂಡದಲ್ಲಿ 1,224 ತುಂಡುಗಳಾಗಿ ಸಿಕ್ಕಿತು. ಜೋಡಿಸಿದ ಮೇಲೆ ಸುಮಾರು 43 ಮೀಟರ್ ಉದ್ದ. ಲೆಬನಾನಿನ ದೇವದಾರು ಹಲಗೆಗಳು. ಅವನ್ನು ಹಿಡಿದಿಟ್ಟಿರುವುದು ಮೊಳೆಯಲ್ಲ, ಹಗ್ಗ. ಇಂಥದ್ದಕ್ಕೆ ಚಿಕ್ಕ ಹೆಸರು ಬೇಕು. ‘ಕಟ್ಟಿದ ಹಡಗು’ ಅಂತ ಬರೆದೆ. ಓದಿದ ಮಗಳು, “ಎಲ್ಲ ಹಡಗೂ ಕಟ್ಟಿದ್ದೇ ಅಲ್ವಾ?” ಅಂದಳು. ‘ಹೊಲಿದ ಹಡಗು’ ಆಗಬಹುದಾ?

ಮರು:
ಸ್ಯೂತನೌಕೆ. ಒಂದೇ ಪದ. ಮುಗಿಯಿತು.

ಮರು: ಮರು:
ಹಾಗಾದರೆ ‘ಸ್ಯೂತ’ ಅಂದರೆ ಹೊಲಿದದ್ದು ಅಂತ ಬಿಡಿಸಿ ಹೇಳೋಕೆ ಪಕ್ಕದಲ್ಲಿ ಇನ್ನೊಂದು ಫಲಕ ಹಾಕಿ.
ಉತ್ತರ ನಮ್ಮ ಮಾತಿನಲ್ಲೇ ಇದೆ. ಹಡಗನ್ನು ‘ಕಟ್ಟು’ತ್ತೇವೆ ಅನ್ನುವುದೇ ಹಿಂದಿನವರು ಹಗ್ಗದಲ್ಲಿ ಕಟ್ಟುತ್ತಿದ್ದರು ಅಂತ. ತಮಿಳಿನ ಕಟ್ಟುಮರ ನೋಡಿ. ಇದನ್ನು ಇಲ್ಲಿ ಮೊದಲೂ ಬರೆದಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರು: ಮರು: ಮರು:
ಮನೆ ಕಟ್ಟುತ್ತೇವೆ, ಕೆರೆ ಕಟ್ಟುತ್ತೇವೆ, ಹಕ್ಕಿ ಗೂಡು ಕಟ್ಟುತ್ತದೆ. ಹಗ್ಗ ಎಲ್ಲಿದೆ ಸ್ವಾಮಿ? ಕಟ್ಟುಮರ ಸರಿ, ಅದು ದಿಮ್ಮಿ ಬಿಗಿದ ತೆಪ್ಪ. ಅಲ್ಲಿಂದ ಹಡಗಿಗೆ ಹಾರಬೇಡಿ.

ಕೇಳಿದವರಿಗೆ: ‘ಹೊಲಿದ’ ಇಲ್ಲಿ ಹೊಂದುವುದಿಲ್ಲ. ಹೊಲಿಗೆ ಅಂದರೆ ಅಂಚಿನುದ್ದಕ್ಕೂ ಓಡಬೇಕು. ಅರಬ್ಬೀ ಕಡಲಿನ ಹಳೆಯ ಹಡಗುಗಳು ಹಾಗೆ. ತೆಂಗಿನ ನಾರಿನ ಹುರಿಯಲ್ಲಿ ಹಲಗೆಗೆ ಹಲಗೆ ಹೊಲಿದವು. ಒಂದನೇ ಶತಮಾನದ ಗ್ರೀಕ್ ಕಡಲ ಕೈಪಿಡಿ ಪೆರಿಪ್ಲಸ್‌ನಲ್ಲೂ ಹೊಲಿದ ದೋಣಿಗಳ ಮಾತು ಬರುತ್ತದೆ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆ ಸೇರಿದ ‘ಕೌಂಡಿನ್ಯ’ವೂ ಹೊಲಿದದ್ದೇ. ಖೂಫುವಿನದು ಬೇರೆ. ಹಲಗೆಯ ಒಳಮೈಯಲ್ಲಷ್ಟೇ ತೂತು ಕೊರೆದು, ಹಗ್ಗವನ್ನು ಈ ಬದಿಯಿಂದ ಆ ಬದಿಗೆ ಅಡ್ಡಕ್ಕೆ ಹಾಯಿಸಿ ಬಿಗಿದಿದ್ದಾರೆ. ತೂತು ಹಲಗೆಯ ಆಚೆಗೆ ತೂರುವುದಿಲ್ಲ, ಹೊರಗಿನಿಂದ ನೋಡಿದರೆ ಹಗ್ಗವೇ ಕಾಣದು. ನೀರಿಗಿಳಿದರೆ ಮರ ಉಬ್ಬಿ, ಹಗ್ಗ ಕುಗ್ಗಿ ಇನ್ನೂ ಗಟ್ಟಿಯಾಗುತ್ತದೆ. ‘ಬಿಗಿ’ ಅನ್ನೋ ಒಳ್ಳೆಯ ಕ್ರಿಯಾಪದ ಇರುವಾಗ ಸುಮ್ನೆ ಯಾಕೆ ಒದ್ದಾಟ? ‘ಹಗ್ಗ ಬಿಗಿದ ಹಡಗು’ ಅನ್ನಿ.
ಇನ್ನೊಂದು. ದೇವದಾರು ಹಿಮಾಲಯದ ಮರ. ಲೆಬನಾನಿನದು ಅದರ ದಾಯಾದಿ. ‘ಸೀಡರ್’ ಅಂತಲೇ ಬರೆಯಿರಿ.

ಮರು: ಮರು: ಮರು: ಮರು:
ಕೊನೆಗೂ ಇಂಗ್ಲಿಷ್ ತುರುಕಿದಿರಿ! ‘ಲೆಬನಾನ್ ದೇವದಾರು’ ಅಂದರೆ ಏನು ಕಳಕೊಳ್ಳುತ್ತೀರಿ? ಹೊರಗಿನ ಪದ ಜಾಸ್ತಿಯಾದರೆ ಕನ್ನಡ ಮುಳುಗುತ್ತದೆ.

ಮರು: ಮರು: ಮರು: ಮರು: ಮರು:
ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ಲಂಗರು ಫಾರ್ಸಿ. ಎರಡನ್ನೂ ಕಿತ್ತೆಸೆದು ಹಡಗು ನಡೆಸಿ ತೋರಿಸಿ.

ಮರು: ಮರು: ಮರು: ಮರು: ಮರು: ಮರು:
ಎಲ್ಲರಿಗೂ ಧನ್ಯವಾದ. ‘ಹಗ್ಗ ಬಿಗಿದ ಹಡಗು’ ಹಾಕಿದೆ, ಮಗಳೂ ಒಪ್ಪಿದಳು. ಮರಕ್ಕೆ ‘ಲೆಬನಾನಿನ ಸೀಡರ್’. ಹಡಗಿನ ಜೊತೆ 12 ಹುಟ್ಟುಗಳೂ ಇವೆ. ಮಕ್ಕಳು ‘ಹುಟ್ಟು’ ಅಂದರೆ ಬರ್ತ್‌ಡೇ ಅಂದುಕೊಳ್ಳುತ್ತಾರಾ ಅಂತ ಕೇಳೋಣ ಅನ್ನಿಸಿತ್ತು. ಬೇಡ ಬಿಡಿ, ಪ್ರಿಂಟಿಗೆ ಕಳಿಸಿಬಿಟ್ಟೆ.