ಮಾವನ ಕುದುರೆ ಕ್ಲಬ್ಬಿನ ನೋಟಿಸು, ನಮ್ಮನೆ ಗುಂಪಿನ ಜಟಾಪಟಿ

ನಮ್ಮ ಮನೆ ವಾಟ್ಸಾಪ್ ಗುಂಪಲ್ಲಿ ಮೊನ್ನೆ ರಾತ್ರಿ ನಡೆದ ಮಾತುಕತೆ ಇದು. ಎಲ್ಲರ ಒಪ್ಪಿಗೆ ಕೇಳಿಯೇ ಹಾಕ್ತಿದ್ದೀನಿ (ಮಾವನ ಒಪ್ಪಿಗೆ ಅತ್ತೆ ಕೊಟ್ಟರು). ಹೆಸರು ಬೇಡ ಅಂತ ನನ್ನ ಫೋನಲ್ಲಿ ಹೇಗೆ ಸೇವ್ ಆಗಿದೆಯೋ ಹಾಗೇ ಬಿಟ್ಟಿದ್ದೀನಿ. ಶುಭರಾತ್ರಿ ಚಿತ್ರಗಳನ್ನು ತೆಗೆದಿದ್ದೀನಿ. ಮಾವನಿಗೆ ತುಮಕೂರಲ್ಲಿ ಹಾರ್ಡ್‌ವೇರ್ ಅಂಗಡಿ, ವಾರಕ್ಕೊಂದು ದಿನ ಕುಣಿಗಲ್ ರಸ್ತೆ ಕಡೆ ಕುದುರೆ ಸವಾರಿ ಕ್ಲಬ್ಬಿಗೆ ಹೋಗ್ತಾರೆ. ಅಲ್ಲಿ ಎಲ್ಲರೂ ನಲವತ್ತು ದಾಟಿದವರೇ. ದೊಡ್ಡಪ್ಪ ಪಶುಪಾಲನಾ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅಕ್ಕ ಡಾಕ್ಟರು, ಭಾವ ವಕೀಲರು.

ಶಿರಾ ಗೇಟ್ ಮಾವ: (ಫೋಟೋ)

ಶಿರಾ ಗೇಟ್ ಮಾವ: ನೋಡ್ರಪ್ಪ ನಮ್ಮ ಕ್ಲಬ್ಬಿನ ಹೊಸ ಕಾನೂನು. ಕೆಳಗೆ ಸಹಿ ಬೇರೆ ಹಾಕ್ಬೇಕಂತೆ. ಎಲ್ಕೆಜಿ ಮಕ್ಕಳ ಡೈರಿ ಆಯ್ತು ಇದು

ಪುಟ್ಟ: ಅಪ್ಪ, ಅರ್ಧಕ್ಕೆ ನಿಮ್ಮ ಹೆಬ್ಬೆಟ್ಟು ಅಡ್ಡ ಬಂದಿದೆ

ನಾನು: ಕಂಡಷ್ಟು ಟೈಪ್ ಮಾಡ್ತೀನಿ. ಹೆಲ್ಮೆಟ್ ಕಡ್ಡಾಯ, ಗಲ್ಲದ ಪಟ್ಟಿ ಹಾಕಿರಬೇಕು. ಹೀಲ್ ಇರೋ ಬೂಟು. ಕುದುರೆ ಮೇಲೆ ಫೋನ್ ಇಲ್ಲ. ಬಿದ್ದರೆ ರಿಜಿಸ್ಟರಲ್ಲಿ ಬರೀಬೇಕು, ಅವತ್ತು ಮತ್ತೆ ಹತ್ತೋ ಹಾಗಿಲ್ಲ. ತೂಕ ನೋಡಿ ಕುದುರೆ ಕೊಡ್ತಾರೆ. ಲಾಯದವರು ಇಳೀರಿ ಅಂದ್ರೆ ಇಳೀಬೇಕು. ಏನೇ ಆದ್ರೂ ಕ್ಲಬ್ ಜವಾಬ್ದಾರಿಯಲ್ಲ.

ಶಿರಾ ಗೇಟ್ ಮಾವ: ಆ ಇಳೀರಿ ಅನ್ನೋದೇ ನನಗೆ ಆಗದೇ ಇರೋದು. ಲಾಯದ ಹುಡುಗನಿಗೆ ಮೀಸೆ ಸರಿಯಾಗಿ ಬಂದಿಲ್ಲ. ಹೋದ ಭಾನುವಾರ ಎಲ್ಲರ ಮುಂದೆ "ಇಳೀರಿ ಸಾರ್" ಅಂದ. ತಿಂಗಳಾ ತಿಂಗಳಾ ದುಡ್ಡು ಕಟ್ಟೋನು ನಾನು, ಇಳಿಸೋನು ಅವನು!

ಗುಬ್ಬಿ ಚಿಕ್ಕಮ್ಮ: ಯಾಕೋ ಇಳೀ ಅಂದ? ಬಿದ್ಯೇನೋ?

ಶಿರಾ ಗೇಟ್ ಮಾವ: ನಾನು ಬೀಳ್ಲಿಲ್ಲ ಅಕ್ಕ. ಬಿದ್ದಿದ್ದು ನಮ್ಮ ಬ್ಯಾಂಕ್ ಮ್ಯಾನೇಜರ್ರು. ಅದಕ್ಕೇ ಇಷ್ಟೆಲ್ಲ ಶುರುವಾಗಿರೋದು

ಅತ್ತೆ: ಇದು ನನಗೆ ಈ ಗುಂಪಲ್ಲಿ ಗೊತ್ತಾಗ್ತಿದೆ. ಅಡುಗೆಮನೆಯಿಂದ ಹಾಲ್‌ಗೆ ಎಷ್ಟು ದೂರ ಇದೆ ಅಂತ ಕೇಳಬೇಕು

ಅಕ್ಕ: ಬಿದ್ದ ಮೇಲೆ ಏನಾಯ್ತು ಮಾವ?

ಶಿರಾ ಗೇಟ್ ಮಾವ: ಏನಾಗುತ್ತೆ ಕಣಮ್ಮ, ಎದ್ದು ಮಣ್ಣು ಒದರಿಕೊಂಡು ಮತ್ತೆ ಹತ್ತಿ ಎರಡು ಸುತ್ತು ಹೊಡೆದ್ರು. ಸಂಜೆ ಎರಡು ಸಲ ವಾಂತಿ ಆಯ್ತಂತೆ. ಸ್ಕ್ಯಾನ್ ಮಾಡ್ಸಿದ್ರು, ಏನೂ ಇಲ್ಲ

ಅಕ್ಕ: ಏನೂ ಇಲ್ಲ ಅನ್ನೋದು ಸ್ಕ್ಯಾನ್ ಆದ್ಮೇಲೆ ಗೊತ್ತಾಗಿದ್ದು. ಕುದುರೆ ಮೇಲೆ ಮತ್ತೆ ಹತ್ತೋವಾಗ ಯಾರಿಗೆ ಗೊತ್ತಿತ್ತು? ತಲೆಬುರುಡೆ ಒಳಗೆ ರಕ್ತ ಕಟ್ಟಿಕೊಳ್ತಾ ಇದ್ರೂ ಕೆಲವರು ಮೊದಲು ಚೆನ್ನಾಗೇ ಮಾತಾಡ್ಕೊಂಡು ಇರ್ತಾರೆ. ಗಂಟೆಗಳು ಕಳೆದ ಮೇಲೆ ತಲೆನೋವು, ವಾಂತಿ, ಕೇಳಿದ್ದನ್ನೇ ಮತ್ತೆ ಕೇಳೋದು, ತೂಕಡಿಕೆ. ಮಿದುಳಿಗೆ ಒಂದು ಪೆಟ್ಟು ಬಿದ್ದು ವಾಸಿಯಾಗೋ ಮುಂಚೆ ಇನ್ನೊಂದು ಬಿದ್ರೆ ಅದು ಮೊದಲಿನದಕ್ಕಿಂತ ಕೆಟ್ಟದ್ದು. ಅವತ್ತು ಮತ್ತೆ ಹತ್ತಬಾರದು ಅನ್ನೋ ಒಂದು ಸಾಲಿಗೆ ನಾನಂತೂ ಕಣ್ಣುಮುಚ್ಚಿ ಸಹಿ ಹಾಕ್ತೀನಿ.

ಅಕ್ಕ: ಹೆಲ್ಮೆಟ್ ಇತ್ತಾ ಅವರಿಗೆ?

ಶಿರಾ ಗೇಟ್ ಮಾವ: ಕ್ಯಾಪ್ ಇತ್ತು

ಪುಟ್ಟ: 😂😂

ಶಿರಾ ಗೇಟ್ ಮಾವ: ನಗಬೇಡ. ಕುಣಿಗಲ್ಲಲ್ಲಿ ಹೈದರಾಲಿ ಟಿಪ್ಪು ಕಾಲದಿಂದ ಕುದುರೆ ಸಾಕಿರೋ ಜಿಲ್ಲೆ ನಮ್ದು. ಅವರ ಸೈನ್ಯದೋರು ಹೆಲ್ಮೆಟ್ ಹಾಕ್ಕೊಂಡೇ ಹತ್ತುತಿದ್ರಾ?

ಕುಣಿಗಲ್ ದೊಡ್ಡಪ್ಪ: ಸೈನ್ಯದಲ್ಲಿ ಎಷ್ಟು ಜನ ಬಿದ್ದು ಸತ್ರು ಅಂತ ನಿನಗೆ ಯಾರು ಲೆಕ್ಕ ಕೊಟ್ರು?

ಪುಟ್ಟ: ಅಪ್ಪ, ಹಾಲಿವುಡ್ ನಟ ಕ್ರಿಸ್ಟೋಫರ್ ರೀವ್ ಗೊತ್ತಲ್ಲ? 1995ರ ಮೇನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಸ್ಪರ್ಧೆ. ಬೇಲಿ ಹತ್ತಿರ ಬಂದ ಕುದುರೆ ಹಾರದೆ ನಿಂತುಬಿಡ್ತು, ಇವರು ಮುಂದಕ್ಕೆ ಹೋಗಿ ಬಿದ್ದರು. ಕತ್ತಿನ ಮೇಲಿನ ಎರಡು ಮೂಳೆ ಮುರೀತು. ಕತ್ತಿನ ಕೆಳಗೆ ಸ್ವಾಧೀನ ಹೋಯ್ತು. 2004ರಲ್ಲಿ ಸಾಯೋವರೆಗೂ ಗಾಲಿಕುರ್ಚಿ.

ಶಿರಾ ಗೇಟ್ ಮಾವ: ಅವನು ಹೆಲ್ಮೆಟ್ ಹಾಕಿದ್ದ ತಾನೆ?

ಪುಟ್ಟ: ಹಾಕಿದ್ರು

ಶಿರಾ ಗೇಟ್ ಮಾವ: ಮುಗೀತಲ್ಲ! ಹೆಲ್ಮೆಟ್ ಏನು ಮಾಡ್ತು?

ಅಕ್ಕ: ತಲೆ ಕಾಪಾಡ್ತು ಮಾವ. ಕತ್ತು ಕಾಪಾಡೋದು ಅದರ ಕೆಲಸ ಅಲ್ಲ. ಅದಕ್ಕೇ ಹೆಲ್ಮೆಟ್ ಒಂದೇ ಕಲಮಲ್ಲ, ಬೀಳದೇ ಇರೋಕೆ ಉಳಿದ ಕಲಮು. ಇನ್ನೊಂದು, ಯಾರಾದ್ರೂ ಬಿದ್ದಾಗ ಎತ್ತಿ ಕೂರಿಸಿ ನೀರು ಕುಡಿಸಬೇಡಿ. ಕತ್ತು ನೋವು ಅಂದ್ರೆ, ಕೈಕಾಲು ಜೋಮು ಅಂದ್ರೆ ಅಲ್ಲಾಡಿಸಲೇಬೇಡಿ. ತಲೆ ಅಲ್ಲಾಡದ ಹಾಗೆ ಹಿಡ್ಕೊಂಡು, ಬಿದ್ದ ಹಾಗೇ ಮಲಗಿರೋಕೆ ಬಿಟ್ಟು 108ಕ್ಕೆ ಫೋನ್ ಮಾಡಿ.

ಶಿರಾ ಗೇಟ್ ಮಾವ: ಸರಿ ಮಾರಾಯ್ತಿ, ಡಿಕ್ಕಿಲಿ ಆಕ್ಟಿವಾ ಹೆಲ್ಮೆಟ್ ಇದೆ, ಅದನ್ನೇ ಹಾಕ್ಕೋತೀನಿ. ಐಎಸ್‌ಐ ಮಾರ್ಕಿಂದು

ಕುಣಿಗಲ್ ದೊಡ್ಡಪ್ಪ: ಅದು ಗಾಡಿಗೆ ಮಾಡಿದ್ದು ಕಣಪ್ಪ. ಭಾರ. ಕಿವಿ ಮುಚ್ಚುತ್ತೆ, ಹಿಂದೆ ಕುದುರೆ ಬರ್ತಿದ್ರೂ ಕೇಳಲ್ಲ. ಸವಾರಿಗೆ ಅಂತಲೇ ಹಗುರದ್ದು ಬರುತ್ತೆ. ಒಂದು ಸಲ ಜೋರಾಗಿ ಬಿದ್ದರೆ ಅದನ್ನ ಎಸೀಬೇಕು, ಮೇಲೆ ಗೀರು ಕಾಣದಿದ್ರೂ ಸರಿ. ಒಳಗಿನ ಪದರ ಜಜ್ಜಿ ಹೋಗಿರುತ್ತೆ.

ಕುಣಿಗಲ್ ದೊಡ್ಡಪ್ಪ: ಹೆಲ್ಮೆಟ್ ಜಗಳ ಸಾಕು. ನಿನ್ನ ಕುದುರೆ ವಾರದಲ್ಲಿ ಎಷ್ಟು ದಿನ ಹೊರಗೆ ಬರುತ್ತೆ?

ಶಿರಾ ಗೇಟ್ ಮಾವ: ಶನಿವಾರ ಭಾನುವಾರ. ಉಳಿದ ದಿನ ಲಾಯದಲ್ಲೇ

ಕುಣಿಗಲ್ ದೊಡ್ಡಪ್ಪ: ಮೇವು?

ಶಿರಾ ಗೇಟ್ ಮಾವ: ಅದರಲ್ಲಿ ಮೋಸ ಇಲ್ಲ ಭಾವ. ಹುರುಳಿ, ಬೂಸಾ, ಹುಲ್ಲು, ಚೆನ್ನಾಗೇ ಹಾಕ್ತಾರೆ

ಕುಣಿಗಲ್ ದೊಡ್ಡಪ್ಪ: ಅದೇ ತೊಂದರೆ. ಐದು ದಿನ ಕಟ್ಟಿಹಾಕಿ ಹುರುಳಿ ತಿನ್ನಿಸಿ ಶನಿವಾರ ಬೆಳಿಗ್ಗೆ ನಿಮ್ಮಂಥೋರನ್ನ ಹತ್ತಿಸಿದ್ರೆ ಅದು ಇನ್ನೇನು ಮಾಡುತ್ತೆ? ತಿಂದಿದ್ದು ಎಲ್ಲಾದ್ರೂ ಹೋಗಬೇಕಲ್ಲ. ಕೆಲಸ ಇಲ್ಲದ ದಿನ ಕಾಳು ಇಳಿಸಬೇಕು. ಇಲ್ಲ ಅಂದ್ರೆ ರಜಾ ಮುಗಿದು ದುಡಿಸಿದ ದಿನ ಸ್ನಾಯು ಬಿಗಿದು ನಿಂತಲ್ಲೇ ನಿಂತುಬಿಡೋ ರೋಗನೂ ಬರುತ್ತೆ. ಹತ್ತೋ ಮುಂಚೆ ಉದ್ದ ಹಗ್ಗ ಕಟ್ಟಿ ಎರಡೂ ಕಡೆ ಸುತ್ತು ಹೊಡೆಸಿ ಹುಮ್ಮಸ್ಸು ಇಳಿಸಬೇಕು. ನಿಮ್ಮಲ್ಲಿ ಮಾಡ್ತಾರಾ?

ಶಿರಾ ಗೇಟ್ ಮಾವ: ಆರೂವರೆಗೆ ಹೋಗ್ತೀವಿ, ಜೀನು ಹಾಕಿ ರೆಡಿ ಇರುತ್ತೆ. ಹತ್ತೋದೇ

ಕುಣಿಗಲ್ ದೊಡ್ಡಪ್ಪ: ಎಂಥ ಕುದುರೆ? ರೇಸಿಂದ ಬಂದಿದ್ದಾ?

ಶಿರಾ ಗೇಟ್ ಮಾವ: ಹೌದು, ಬೆಂಗಳೂರಲ್ಲಿ ಓಡಿರೋದಂತೆ. ಥರೋಬ್ರೆಡ್!

ಕುಣಿಗಲ್ ದೊಡ್ಡಪ್ಪ: ಅದಕ್ಕೆ ಕಲಿಸಿರೋದೇ ಪಕ್ಕದ ಕುದುರೆ ಓಡಿದ್ರೆ ತಾನು ಅದಕ್ಕಿಂತ ಮುಂದೆ ಓಡು ಅಂತ. ತಿಂಗಳುಗಟ್ಟಲೆ ಕೂತು ಹೊಸದಾಗಿ ಕಲಿಸದೇ ಅಂಗಡಿ ಸಾಹುಕಾರರನ್ನ ಕೂರಿಸಬಾರದು. ನಿನಗೆ ಆ ಕುದುರೆ ಕೊಟ್ಟೋರು ಯಾರು?

ಶಿರಾ ಗೇಟ್ ಮಾವ: ನಾನೇ ಕೇಳಿದ್ದು. ಹುಡುಗ ಬಿಳೀದು ತಗೊಳ್ಳಿ ಅಂದ. ಅದು ಮುದುಕಿ, ಹೆಜ್ಜೆಗೊಂದು ಸಲ ನಿಲ್ಲುತ್ತೆ

ಪುಟ್ಟ: ಹುಡುಗನಿಗೆ ಅಪ್ಪನ ಜಾತಕ ಗೊತ್ತಿದೆ

ಕುಣಿಗಲ್ ದೊಡ್ಡಪ್ಪ: ಈಗ ಹೇಳು, ಅವನು ಇಳಿಸಿದ್ದು ಯಾಕೆ?

ಶಿರಾ ಗೇಟ್ ಮಾವ: ಜೀನು ಬಿಗಿಯೋಕೆ ಕುದುರೆ ಹೊಟ್ಟೆಗೆ ಕಟ್ಟೋ ಪಟ್ಟಿ ಸಡಿಲ ಇದೆ ಅಂದ. ಸುಳ್ಳು ಭಾವ. ಹತ್ತೋ ಮುಂಚೆ ನಾನೇ ಕೈ ಹಾಕಿ ನೋಡಿದ್ದೆ, ಬೆರಳೂ ತೂರುತ್ತಿರಲಿಲ್ಲ

ಕುಣಿಗಲ್ ದೊಡ್ಡಪ್ಪ: ಪಟ್ಟಿ ಬಿಗಿಯೋವಾಗ ಎಷ್ಟೋ ಕುದುರೆ ಉಸಿರು ಹಿಡಿದು ಎದೆ ಉಬ್ಬಿಸ್ತಾವೆ. ಆಗ ಮುಟ್ಟಿದ್ರೆ ಬಿಗಿ. ಒಂದು ಸುತ್ತು ನಡೆದು ಉಸಿರು ಬಿಟ್ಟ ಮೇಲೆ ಮುಟ್ಟು, ಇಡೀ ಅಂಗೈ ಒಳಗೆ ಹೋಗುತ್ತೆ. ಆ ಹೊತ್ತಲ್ಲಿ ನೀನು ಒಂದು ಕಡೆ ವಾಲಿದ್ರೆ ಜೀನು ತಿರುಗಿ ಹೊಟ್ಟೆ ಕೆಳಗೆ ಬರುತ್ತೆ, ಜೊತೆಗೆ ನೀನೂ. ಅದಕ್ಕೇ ಎರಡು ಸಲ ನೋಡೋದು. ನೀನು ಮೊದಲನೇ ಸಲದ್ದು ನೋಡಿದ್ದೀಯ, ಅವನು ಎರಡನೇದು ನೋಡಿದ್ದಾನೆ. ಅವನಿಗೆ ಕೆಲಸ ಗೊತ್ತು.

ಶಿರಾ ಗೇಟ್ ಮಾವ: ಹತ್ರ ಬಂದು ಮೆಲ್ಲಗೆ ಹೇಳಬಹುದಿತ್ತಲ್ಲ

ಅತ್ತೆ: ಮೆಲ್ಲಗೆ ಹೇಳಿದ್ರೆ ನೀವು ಯಾವತ್ತು ಕೇಳಿದ್ದೀರಿ?

ಕುಣಿಗಲ್ ದೊಡ್ಡಪ್ಪ: ಮಕ್ಕಳ ಕ್ಲಬ್ಬಲ್ಲಿ ಈ ತಾಪತ್ರಯ ಇಲ್ಲ. ಇಳಿ ಅಂದ್ರೆ ಮಗು ಇಳಿಯುತ್ತೆ. ದೊಡ್ಡೋರ ಕ್ಲಬ್ಬಲ್ಲಿ ಒಬ್ಬ ಸಾಹುಕಾರ, ಒಬ್ಬ ಮ್ಯಾನೇಜರ್, ಇನ್ನೊಬ್ಬ ಯಾರೋ ಇಂಜಿನಿಯರ್. ಕುದುರೆ ರಾತ್ರಿ ಮೇವು ತಿಂತೋ ಇಲ್ವೋ, ಯಾವ ಕಾಲಿನ ಲಾಳ ಸಡಿಲ ಅಂತ ಗೊತ್ತಿರೋನು ಲಾಯದ ಹುಡುಗ ಒಬ್ಬನೇ. ಅವನಿಗೇ ಬಾಯಿ ಇಲ್ಲ. ಈ ನೋಟಿಸಲ್ಲಿ ಬೇರೆ ಏನಿದ್ರೂ ಇಲ್ಲದಿದ್ರೂ ಆ ಇಳೀರಿ ಅನ್ನೋ ಕಲಮು ಇರಬೇಕು. ಅವನು ಇಳೀರಿ ಅಂದಿದ್ದಕ್ಕೆ ಅವನ ಕೆಲಸ ಹೋಗಲ್ಲ ಅಂತನೂ ಬರೆದಿರಬೇಕು.

ಲಾಯರ್ ಭಾವ: ಕೋರ್ಟಿಂದ ಈಗ ಬಂದೆ, ಎಲ್ಲ ಓದಿದೆ. ಮಾವ, ಕೊನೇ ಕಲಮು ಬಗ್ಗೆ ಯಾರೂ ಮಾತೇ ಆಡಿಲ್ಲ.

ಶಿರಾ ಗೇಟ್ ಮಾವ: ಬನ್ನಿ ಅಳಿಯಂದ್ರೆ, ನೀವಾದ್ರೂ ನನ್ನ ಪರ ಮಾತಾಡಿ

ಲಾಯರ್ ಭಾವ: ಅರ್ಧ ನಿಮ್ಮ ಪರ. "ಏನೇ ಆದ್ರೂ ಜವಾಬ್ದಾರಿಯಲ್ಲ" ಅಂತ ಬರೆಸಿಕೊಂಡ ಮಾತ್ರಕ್ಕೆ ಕ್ಲಬ್ ಕೈ ತೊಳ್ಕೊಳ್ಳೋಕೆ ಆಗಲ್ಲ. ದುಡ್ಡು ತಗೊಂಡು ಸೇವೆ ಕೊಡ್ತಿದ್ದಾರೆ, ನ್ಯೂನತೆ ಇದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ಆಯೋಗಕ್ಕೆ ಹೋಗಬಹುದು. ತನ್ನ ವಶದಲ್ಲಿರೋ ಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡ್ಕೊಳ್ಳದೆ ನಿರ್ಲಕ್ಷ್ಯ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆ 291ನೇ ಕಲಂ ಇದೆ, ಹಳೇ ಐಪಿಸಿಯ 289. ಆದ್ರೆ ಹೆಲ್ಮೆಟ್ ಕೊಟ್ಟರೂ ಹಾಕ್ಕೊಳ್ಳಲ್ಲ ಅಂತ ನೀವು ಹಟ ಮಾಡಿ ಬಿದ್ರೆ ಎದುರು ವಕೀಲ ಮೊದಲು ಎತ್ತೋದೇ ಅದನ್ನ.

ಪುಟ್ಟ: ಇನ್ಶೂರೆನ್ಸ್? ಕುದುರೆ ಸವಾರಿ ಅಂದ್ರೆ ಕ್ಲೇಮ್ ಸಿಗಲ್ಲ ಅಂತ ಆಫೀಸಲ್ಲಿ ಹೇಳ್ತಿದ್ರು

ಲಾಯರ್ ಭಾವ: ಆರೋಗ್ಯ ವಿಮೆಗಳಲ್ಲಿರೋ ಸಾಮಾನ್ಯ ವಾಕ್ಯ, ಸಾಹಸ ಕ್ರೀಡೆಗಳಲ್ಲಿ ವೃತ್ತಿಪರರಾಗಿ ಭಾಗವಹಿಸಿದ್ರೆ ಕೊಡಲ್ಲ ಅನ್ನೋದು. ಕುದುರೆ ರೇಸಿನ ಹೆಸರೂ ಅದರಲ್ಲಿದೆ. ಮಾವ ವೃತ್ತಿಪರರು ಅಂತ ಯಾರೂ ಹೇಳಲ್ಲ. ಆದ್ರೆ ಅಪಘಾತ ವಿಮೆ ಬೇರೆ, ಅದರ ಷರತ್ತು ಕಂಪನಿಗೊಂದು ಥರ. ಪಾಲಿಸಿ ತಂದುಕೊಡಿ, ಓದ್ತೀನಿ.

ಶಿರಾ ಗೇಟ್ ಮಾವ: ಈಗ ನಾನು ಹೇಳೋದು ಕೇಳಿ ಎಲ್ಲರೂ. ತಪ್ಪೆಲ್ಲ ನನ್ನ ತಲೆಗೇ ಕಟ್ತಿದ್ದೀರಿ. ಕಲಮು ಅಷ್ಟೂ ನಾವು ಮಾಡಬೇಕಾದ್ದು. ಅವರು ಮಾಡಬೇಕಾದ್ದು ಒಂದಾದ್ರೂ ಇದೆಯಾ? ಅಂಗಳದ ಒಂದು ಕಡೆ ಇನ್ನೂ ಮುಳ್ಳುತಂತಿ ಬೇಲಿ. ಗೇಟು ಹಾಕೋ ಅಭ್ಯಾಸನೇ ಇಲ್ಲ, ತೆಗೆದ್ರೆ ನೇರ ಟಾರ್ ರಸ್ತೆ. ಪಕ್ಕದ ಲೇಔಟಲ್ಲಿ ಜೆಸಿಬಿ ಶುರುವಾದ್ರೆ ಕುದುರೆ ಕಿವಿ ನೆಟ್ಟಗಾಗುತ್ತೆ, ನಮ್ಮ ಎದೆ ಡವಡವ. ಫಸ್ಟ್ ಏಡ್ ಡಬ್ಬಿಲಿ ಒಂದು ಅಯೋಡಿನ್ ಬಾಟಲಿ, ಅದೂ ಒಣಗಿದೆ. ಏಳು ಜನ ಸವಾರರಿಗೆ ಒಬ್ಬ ಹುಡುಗ. ನಾವು ಬಿದ್ರೆ ಅವನು ನಮ್ಮನ್ನ ಹಿಡೀಬೇಕಾ, ಓಡೋ ಕುದುರೆ ಹಿಡೀಬೇಕಾ?

ಅಕ್ಕ: ಮಾವ, ಇದನ್ನ ಮೊದಲೇ ಹೇಳೋದಲ್ವಾ!

ಕುಣಿಗಲ್ ದೊಡ್ಡಪ್ಪ: ಈಗ ಸರಿಯಾದ ಮಾತು ಬಂತು. ಮುಳ್ಳುತಂತಿ ಮೊದಲು ಕೀಳಿಸಿ. ಕುದುರೆ ಬೆದರಿದ್ರೆ ಅದಕ್ಕೆ ತಂತಿ ಕಾಣಲ್ಲ. ಮರದ ಗಳ ಹಾಕ್ಸಲಿ.

ಲಾಯರ್ ಭಾವ: ಈ ಮೆಸೇಜ್ ಹಾಗೇ ಇಟ್ಕೊಳ್ಳಿ ಮಾವ. ಪತ್ರ ಬರೆಯೋಣ. ನಾವು ಹೆಲ್ಮೆಟ್ ಹಾಕ್ತೀವಿ, ನೀವು ಬೇಲಿ ಬದಲಾಯಿಸಿ, ಕಾರ್ಯದರ್ಶಿಯೂ ಕೆಳಗೆ ಸಹಿ ಹಾಕಲಿ. ಬಿದ್ದಿದ್ದು ಬರೆಯೋ ರಿಜಿಸ್ಟರಲ್ಲಿ ಬೀಳೋ ಹಾಗಾಗಿದ್ದೂ ಬರೀಲಿ, ಯಾವ ಕುದುರೆ, ಯಾವ ಜಾಗ, ಏನು ಕಂಡು ಬೆದರ್ತು ಅಂತ. ಮ್ಯಾನೇಜರ್ ಬಿದ್ದಿದ್ದು ಎಲ್ಲಿ?

ಶಿರಾ ಗೇಟ್ ಮಾವ: ಗೇಟಿನ ಮೂಲೇಲಿ. ಪ್ಲಾಸ್ಟಿಕ್ ಕವರ್ ಹಾರಿಬಂತು. ಅದೇ ಮೂಲೇಲಿ ಹೋದ ತಿಂಗಳು ಫೋಟೋ ಸ್ಟುಡಿಯೋದವರ ಕುದುರೆನೂ ಜಿಗಿದಿತ್ತು, ಅವರು ಬೀಳ್ಲಿಲ್ಲ

ಲಾಯರ್ ಭಾವ: ಅವತ್ತು ಬರೆದಿಟ್ಟು ಗೇಟು ಹಾಕಿದ್ರೆ ಮ್ಯಾನೇಜರ್ ಬೀಳ್ತಿರಲಿಲ್ವೇನೋ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ.

ಗುಬ್ಬಿ ಚಿಕ್ಕಮ್ಮ: ಇದೆಲ್ಲ ಯಾಕೋ, ಬೆಳಿಗ್ಗೆ ಅಮಾನಿಕೆರೆ ಸುತ್ತ ವಾಕಿಂಗ್ ಹೋಗಬಾರದಾ? ಅಲ್ಲಿ ಯಾರೂ ಒದೆಯಲ್ಲ

ಪುಟ್ಟ: ಅಪ್ಪ ಶೂ ಯಾವುದು ಹಾಕ್ಕೋತೀರಿ?

ಶಿರಾ ಗೇಟ್ ಮಾವ: ನೀನು ಹುಟ್ಟುಹಬ್ಬಕ್ಕೆ ಕೊಡಿಸಿದ್ದು, ಓಡೋ ಶೂ

ಕುಣಿಗಲ್ ದೊಡ್ಡಪ್ಪ: ಹೀಲ್ ಇಲ್ಲದ್ದು ಬೇಡ. ರಿಕಾಪಿನೊಳಗೆ, ಅಂದ್ರೆ ಕಾಲಿಡೋ ಕಬ್ಬಿಣದ ಬಳೆಯೊಳಗೆ, ಪಾದ ಪೂರಾ ತೂರಿ ಸಿಕ್ಕಿಕೊಂಡ್ರೆ ಬಿದ್ದ ಮೇಲೂ ಬಿಡಲ್ಲ, ಕುದುರೆ ಎಳ್ಕೊಂಡು ಹೋಗುತ್ತೆ. ಜೀನಿನಲ್ಲಿ ರಿಕಾಪಿನ ಚರ್ಮದ ಪಟ್ಟಿ ನೇತುಹಾಕೋ ಕಬ್ಬಿಣಕ್ಕೆ ತುದೀಲಿ ಒಂದು ಸಣ್ಣ ಕೊಂಡಿ ಇರುತ್ತೆ. ಎಷ್ಟೋ ಕಡೆ ಅದನ್ನ ಮೇಲಕ್ಕೆ ಮಡಚಿಟ್ಟಿರ್ತಾರೆ. ಸವಾರಿಗೆ ಅದು ತೆರೆದೇ ಇರಬೇಕು. ಕಾಲು ಸಿಕ್ಕಿದಾಗ ಪಟ್ಟಿ ಸಮೇತ ಕಳಚಿ ಬರುತ್ತೆ. ಬಹಳ ಕ್ಲಬ್ಬಲ್ಲಿ ಅದಕ್ಕೆ ತುಕ್ಕು ಹಿಡಿದು ಅಲ್ಲಾಡೋದೇ ಇಲ್ಲ.

ಶಿರಾ ಗೇಟ್ ಮಾವ: ಅದನ್ನ ನಾನು ನೋಡೇ ಇಲ್ಲ. ಭಾವ, ಭಾನುವಾರ ನೀವೇ ಬಂದುಬಿಡಿ. ಸೆಕ್ರೆಟರಿ ಹತ್ರನೂ ಮಾತಾಡಿಸ್ತೀನಿ. ಆಮೇಲೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ನಂದು

ಕುಣಿಗಲ್ ದೊಡ್ಡಪ್ಪ: ಬರ್ತೀನಿ. ಡಬ್ಬಿಲಿ ಎಣ್ಣೆ ತರ್ತೀನಿ, ಕೊಂಡಿಗೆ ಬೇಕಾಗುತ್ತೆ. ನಿನ್ನ ಕೆಂಪು ಕುದುರೆ ತೂಕ ಎಷ್ಟು?

ಶಿರಾ ಗೇಟ್ ಮಾವ: 400, 420 ಕೆಜಿ ಅಂತಾರೆ

ಕುಣಿಗಲ್ ದೊಡ್ಡಪ್ಪ: ಐದರಲ್ಲೊಂದು ಭಾಗ ಹೊರಿಸಬಹುದು ಅಂತ ಒಂದು ಅಂದಾಜು. ಜೀನು, ಸವಾರ ಎಲ್ಲ ಸೇರಿ 80, 84. ನೀನು?

ಅಕ್ಕ: ಮಾವ?

ಪುಟ್ಟ: ಅಪ್ಪ ಆನ್‌ಲೈನ್ ತೋರಿಸ್ತಿದೆ

ಶಿರಾ ಗೇಟ್ ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ಅತ್ತೆ: ನಾನು ಓದಿದೆ. 97.