ಜಪಾನಿನ ಹಳ್ಳಿಯಲ್ಲಿ ದಶಕಗಳ ಕಾಲ ನೆಲೆಸಿದ ಹೊರದೇಶದವರು ಕಂಡ ಬದಲಾವಣೆ ಎಂಥದು?

ಪ್ರಶ್ನೆ (ಓದುಗ)

ಜಪಾನಿನ ಗ್ರಾಮಜೀವನದ ಬಗ್ಗೆ ಓದಲು ಕುಳಿತಾಗ ನನಗೆ ಸಿಗುವುದು ಎರಡೇ ಬಗೆಯ ಬರಹಗಳು. ಒಂದರಲ್ಲಿ ಹುಲ್ಲಿನ ಮಾಡು, ಮೆಟ್ಟಿಲು ಗದ್ದೆ, ಕಾಲವೇ ತಟ್ಟದ ಊರು. ಇನ್ನೊಂದರಲ್ಲಿ ಮುಚ್ಚಿದ ಶಾಲೆ, ಬೀಗ ಬಿದ್ದ ಮನೆ. ಮೊದಲನೆಯದು ಎರಡನೆಯದಾಗಿ ಮಾರ್ಪಟ್ಟದ್ದು ಹೇಗೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. 1999ರಲ್ಲಿ 3,232ರಷ್ಟಿದ್ದ ನಗರ, ಪಟ್ಟಣ, ಗ್ರಾಮಗಳ ಆಡಳಿತ ಘಟಕಗಳು ವಿಲೀನಗೊಂಡು ಇಂದು 1,718ಕ್ಕೆ ಇಳಿದಿವೆ ಎಂಬ ಅಂಕಿಯನ್ನು ನಾನು ಬಲ್ಲೆ. ಆದರೆ ಅಲ್ಲಿಯೇ ಬದುಕಿದವರಿಗೆ ಬದಲಾವಣೆ ಯಾವ ರೂಪದಲ್ಲಿ ಎದುರಾಯಿತು? ಅಲ್ಲಿ ಬಹುಕಾಲ ನೆಲೆಸಿರುವ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ತಮ್ಮ ನೆನಪುಗಳನ್ನು ಹಂಚಿಕೊಳ್ಳಬೇಕೆಂದು ಕೋರುತ್ತೇನೆ.

ಉತ್ತರ (ಇವಾಮಿಯ ಸೊಸೆ)

ನಾನು 1984ರಲ್ಲಿ ಮದುವೆಯಾಗಿ ಶಿಮಾನೆ ಪ್ರಾಂತ್ಯದ ಇವಾಮಿ ಸೀಮೆಗೆ, ಗೋನೊಕಾವಾ ನದಿಯ ಕಣಿವೆಯ ಒಂದು ಸಣ್ಣ ಊರಿಗೆ ಬಂದೆ. ಕೆಂಗಂದು ಹೆಂಚಿನ ಮನೆಗಳು, ಹೊಳೆಯ ಅಂಚಿನಲ್ಲಿ ಸಾಗುವ ರೈಲು, ನಾಟಿಯ ಹೊತ್ತಿಗೆ ಪಟ್ಟಣದಿಂದ ಬಂದು ಸೇರುವ ನೆಂಟರು, ಇವೆಲ್ಲವನ್ನೂ ಕಂಡು ಇದು ತುಂಬಿದ ಊರು ಎಂದುಕೊಂಡಿದ್ದೆ. ನಮ್ಮ ಅತ್ತೆಯವರು ಮಾತ್ರ, ಊರು ಖಾಲಿಯಾಗಿ ಇಪ್ಪತ್ತು ವರ್ಷವಾಯಿತು ಎನ್ನುತ್ತಿದ್ದರು. 1963ರ ಚಳಿಗಾಲದ ಭಾರೀ ಹಿಮಪಾತದ ನಂತರ ಈ ಬೆಟ್ಟಸಾಲಿನ ಎಷ್ಟೋ ಕುಟುಂಬಗಳು ಮನೆಮಂದಿಯೆಲ್ಲ ಒಟ್ಟಾಗಿ ನಗರಗಳಿಗೆ ಹೊರಟುಹೋಗಿದ್ದವು. ನಾನು ಹಳೆಯ ಹಳ್ಳಿ ಎಂದು ನೆನಪಿಸಿಕೊಳ್ಳುವುದು ಅವರ ಪಾಲಿಗೆ ಆಗಲೇ ಉಳಿಕೆಯಾಗಿತ್ತು. ಆದ್ದರಿಂದ ನನ್ನ ನೆನಪನ್ನು ಓದುವಾಗ, ಅದು ಒಂದು ಕಥೆಯ ನಡುವಿನಿಂದ ಶುರುವಾಗುತ್ತದೆ ಎಂಬುದನ್ನು ತಾವು ಗಮನದಲ್ಲಿಟ್ಟುಕೊಳ್ಳಬೇಕು.

ನಾಟಿಯ ಯಂತ್ರ ಆಗಲೇ ಬಂದಿತ್ತು. ಯಂತ್ರ ತಲುಪದ ಗದ್ದೆಯ ಮೂಲೆಗಳಲ್ಲಿ ಮಾತ್ರ ಅತ್ತೆ, ನಾನು ಮತ್ತು ನೆರೆಮನೆಯ ಹೆಂಗಸರು ಕೈಯಿಂದ ಸಸಿ ನೆಡುತ್ತಿದ್ದೆವು. ಅದು ಚೆಂದದ ದೃಶ್ಯವೆಂದು ಒಮ್ಮೆ ನಾನು ಹೇಳಿದಾಗ ಅತ್ತೆಯವರು ಏನನ್ನೂ ಹೇಳದೆ, ಪೂರ್ತಿ ನೆಟ್ಟಗಾಗದ ತಮ್ಮ ಬೆನ್ನನ್ನು ಮುಟ್ಟಿ ತೋರಿಸಿದರು. ಅಂದಿನಿಂದ ಹಳೆಯ ದುಡಿಮೆಯನ್ನು ಹಾಡಿ ಹೊಗಳುವುದನ್ನು ಬಿಟ್ಟಿದ್ದೇನೆ.

ಆದರೂ ಒಂದು ಮಾತನ್ನು ಹೇಳಲೇಬೇಕು. ಕಷ್ಟವನ್ನು ಕಳೆದ ಪ್ರತಿಯೊಂದು ಅನುಕೂಲವೂ ಜನ ಒಬ್ಬರನ್ನೊಬ್ಬರು ಕಾಣುವ ಒಂದು ಕಾರಣವನ್ನು ಕೂಡ ಕಳೆಯಿತು. ಸಾಂಕೋ ರೈಲು ಮಾರ್ಗವನ್ನೇ ನೋಡಿ. 108 ಕಿಲೋಮೀಟರ್ ಉದ್ದದ ಈ ಮಾರ್ಗ ಪೂರ್ಣವಾಗಿ ತೆರೆದದ್ದು 1975ರಲ್ಲಿ, ಕೊನೆಯ ರೈಲು ಓಡಿದ್ದು 2018ರ ಮಾರ್ಚ್ 31ರಂದು. ಆಸ್ಪತ್ರೆಗೆ ಹೋಗುವ ವೃದ್ಧೆಯರೂ ಪ್ರೌಢಶಾಲೆಯ ಮಕ್ಕಳೂ ಒಂದೇ ಬೋಗಿಯಲ್ಲಿ ಕೂರುತ್ತಿದ್ದರು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ಕಾಯಿಲೆ ಬಿದ್ದಿದ್ದಾರೆ ಎಂಬುದು ಅತ್ತೆಯವರಿಗೆ ಅಲ್ಲಿಯೇ ತಿಳಿಯುತ್ತಿತ್ತು. ಆಮೇಲೆ ಎಲ್ಲರ ಮನೆಗೂ ಕಾರು ಬಂತು, ನಮ್ಮ ಮನೆಗೂ ಬಂತು. ಕಡೆಯ ವಾರಗಳಲ್ಲಿ 116 ಮೆಟ್ಟಿಲು ಹತ್ತಿ ತಲುಪಬೇಕಾದ ಉಝುಯಿ ನಿಲ್ದಾಣದಲ್ಲಿ ಛಾಯಾಚಿತ್ರ ತೆಗೆಯುವವರು ಕಿಕ್ಕಿರಿದಿದ್ದರು. ಆ ಗುಂಪಿನ ನಡುವೆ ನಿಂತಾಗ, ನಾವೇ ಎಷ್ಟು ವರ್ಷಗಳಿಂದ ಈ ರೈಲನ್ನು ಹತ್ತಿರಲಿಲ್ಲ ಎಂಬುದು ನೆನಪಾಗಿ ನನ್ನ ಕಣ್ಣು ತುಂಬಿತು.

ಗದ್ದೆಗಳ ಕಥೆ ಇನ್ನಷ್ಟು ನಿಧಾನದ್ದು. ಅಕ್ಕಿ ಮಿಗತೊಡಗಿದ್ದರಿಂದ ಸರ್ಕಾರವು 1970ರ ಹೊತ್ತಿಗೆ ಭತ್ತದ ಬೆಳೆಯನ್ನು ತಗ್ಗಿಸುವ ನೀತಿಯನ್ನು ತಂದು, 2018ರವರೆಗೆ ಅದನ್ನು ನಡೆಸಿತು. ಮೊದಲು ಪಾಳು ಬಿದ್ದದ್ದು ಕಾಡಿನಂಚಿನ ಚಿಕ್ಕ ಗದ್ದೆಗಳು. ಅಲ್ಲಿ ಪೊದೆ ಬೆಳೆಯಿತು, ಪೊದೆಯ ಮರೆಯಲ್ಲಿ ಕಾಡುಹಂದಿಗಳು ಕೆಳಗಿನ ಗದ್ದೆಗೆ ಇಳಿದವು, ಈಗ ವಿದ್ಯುತ್ ಬೇಲಿಯಿಲ್ಲದೆ ಯಾರೂ ಭತ್ತ ಬೆಳೆಯುವಂತಿಲ್ಲ. ನೀರಿನ ಕಾಲುವೆಯನ್ನು ವಸಂತದಲ್ಲಿ ಮನೆಗೊಬ್ಬರಂತೆ ಸೇರಿ ಹೂಳೆತ್ತುವ ಪದ್ಧತಿ ಇಂದಿಗೂ ಇದೆ. ನಾನು ಬಂದಾಗ ಇಪ್ಪತ್ತಮೂರು ಮನೆಗಳಿದ್ದವು, ಈಗ ಒಂಬತ್ತಿವೆ. ಕಾಲುವೆಯ ಉದ್ದ ಮಾತ್ರ ಅಷ್ಟೇ ಇದೆ.

ಕಳೆಗುಂದದೆ ಉಳಿದಿರುವುದು ಕಾಗುರಾ. ಶರತ್ಕಾಲದ ಹಬ್ಬದ ರಾತ್ರಿ ದೇಗುಲದಲ್ಲಿ ಬೆಳಗಿನವರೆಗೂ ನಡೆಯುವ ಈ ಮುಖವಾಡದ ನೃತ್ಯಕ್ಕೆ, ಎಂಟು ತಲೆಯ ಮಹಾಸರ್ಪವನ್ನು ಸುಸನೊವೋ ದೇವತೆ ಕೊಲ್ಲುವ ಪ್ರಸಂಗಕ್ಕೆ, ಹಿರೋಶಿಮಾದಲ್ಲಿ ಕೆಲಸ ಮಾಡುವ ಯುವಕರೂ ರಜೆ ಹಾಕಿ ಬರುತ್ತಾರೆ.

ಉತ್ತರ (ಹಿಮನಾಡಿನಿಂದ)

ಮೇಲಿನ ಸೋದರಿಯವರು ರೈಲು ಹೋದದ್ದನ್ನು ಬರೆದಿದ್ದಾರೆ; ನಾನಿರುವ ನಿಗಾತಾ ಪ್ರಾಂತ್ಯದ ಮಾತ್ಸುದಾಯಿಗೆ ರೈಲು ಬಂದದ್ದೇ 1997ರಲ್ಲಿ, ಹೋಕುಹೋಕು ಮಾರ್ಗ ತೆರೆದಾಗ. ಇಲ್ಲಿನ ಹಿರಿಯರಿಗೆ ಚಳಿಗಾಲವೆಂದರೆ ಅಪ್ಪ ಮನೆಯಲ್ಲಿಲ್ಲದ ಕಾಲ. ಹಿಮ ಕವಿದ ತಿಂಗಳುಗಳಲ್ಲಿ ಗಂಡಸರು ಕೂಲಿಗಾಗಿ ಟೋಕಿಯೋ ಕಡೆಗೆ ಹೋಗುತ್ತಿದ್ದರು. ಇದನ್ನು ದೆಕಾಸೆಗಿ ಎನ್ನುತ್ತಾರೆ. ಹಿಮ ತೆಗೆಯುವ ಯಂತ್ರಗಳು ಬಂದು, ಅಂತರ್ಜಲವನ್ನು ರಸ್ತೆಗೆ ಚಿಮ್ಮಿಸಿ ಹಿಮ ಕರಗಿಸುವ ಕೊಳವೆಗಳು ಹರಡಿದ ಮೇಲೆ ಊರಿನಲ್ಲಿದ್ದುಕೊಂಡೇ ದಿನವೂ ಕೆಲಸಕ್ಕೆ ಹೋಗಿಬರುವುದು ಸಾಧ್ಯವಾಯಿತು. ಆ ನೀರಿನ ಕಬ್ಬಿಣದ ಅಂಶದಿಂದ ನಮ್ಮ ಕಡೆಯ ಬೀದಿಗಳು ಕೆಂಪಾಗಿವೆ; ನನಗಂತೂ ಆ ಕಲೆ ಅಸಹ್ಯವೆನಿಸುವುದಿಲ್ಲ. ಎಲ್ಲ ಬದಲಾವಣೆಯನ್ನೂ ನಷ್ಟದ ಲೆಕ್ಕಕ್ಕೆ ಬರೆಯಬಾರದು ಎಂಬುದಕ್ಕಾಗಿ ಇದನ್ನು ಹೇಳುತ್ತಿದ್ದೇನೆ.

ಎಲ್ಲವೂ ನಿಧಾನವಾಗಿ ಆಯಿತೆಂದೂ ಅಲ್ಲ. 2004ರ ಅಕ್ಟೋಬರ್ 23ರ ಭೂಕಂಪದಲ್ಲಿ ಸಮೀಪದ ಯಮಾಕೋಶಿ ಗ್ರಾಮದ ರಸ್ತೆಗಳೆಲ್ಲ ಕುಸಿದು, ಇಡೀ ಊರಿನವರನ್ನು ಹೆಲಿಕಾಪ್ಟರ್‌ಗಳಲ್ಲಿ ಹೊರಗೆ ಕರೆದೊಯ್ಯಬೇಕಾಯಿತು. ಮರುವರ್ಷದ ಏಪ್ರಿಲ್‌ನಲ್ಲಿ, ಜನ ಇನ್ನೂ ಊರಿಗೆ ಮರಳುವ ಮೊದಲೇ, ಆ ಗ್ರಾಮ ನಾಗಾವೋಕಾ ನಗರದಲ್ಲಿ ವಿಲೀನವಾಯಿತು. ಹಿಂದಿರುಗಿದವರು ಬಣ್ಣದ ಕೋಯಿ ಮೀನುಗಳ ಕೊಳಗಳನ್ನು ಮತ್ತೆ ಕಟ್ಟಿಕೊಂಡರು.

ಮರುಪ್ರಶ್ನೆ (ಓದುಗ)

ಇಬ್ಬರಿಗೂ ಮನಃಪೂರ್ವಕ ವಂದನೆಗಳು. 2023ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿಯಿವೆ. ಊರು ಬಿಟ್ಟವರು ಅವುಗಳನ್ನು ಮಾರುವುದಿಲ್ಲ ಏಕೆ?

ಉತ್ತರ (ಇವಾಮಿಯ ಸೊಸೆ)

ಕೊಳ್ಳುವವರಿಲ್ಲದಿರುವುದು ಒಂದು ಕಾರಣ. ಅಜ್ಜನ ಹೆಸರಿನಲ್ಲೇ ಉಳಿದ ದಾಖಲೆಗಳು ಇನ್ನೊಂದು. ವಾರಸುದಾರರು ಮೂರು ವರ್ಷಗಳೊಳಗೆ ನೋಂದಾಯಿಸಲೇಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ನನ್ನ ಅನುಭವದಲ್ಲಿ ಇವೆರಡಕ್ಕಿಂತ ದೊಡ್ಡದು ಬುತ್ಸುದಾನ್, ಅಂದರೆ ಪಿತೃಗಳ ನೆನಪಿಗೆ ಮನೆಯೊಳಗೆ ಇಡುವ ಪೂಜಾಪೀಠ. ನಮ್ಮ ಪಕ್ಕದ ಮನೆ ಹದಿನೈದು ವರ್ಷಗಳಿಂದ ಮುಚ್ಚಿದೆ. ಆ ಮನೆಯ ಮಗ ಪ್ರತಿ ಆಗಸ್ಟ್‌ನಲ್ಲಿ ಪಿತೃಗಳನ್ನು ನೆನೆಯುವ ಓಬೋನ್ ಹಬ್ಬಕ್ಕೆ ಒಸಾಕಾದಿಂದ ಬಂದು, ಕಿಟಕಿಗಳನ್ನೆಲ್ಲ ತೆರೆದು, ಸಮಾಧಿಯ ಸುತ್ತ ಹುಲ್ಲು ಕತ್ತರಿಸಿ, ದೀಪ ಹಚ್ಚಿ, ಮೂರನೆಯ ದಿನ ನಮ್ಮ ಕೈಗೆ ಬೀಗದ ಕೈ ಕೊಟ್ಟು ಹೋಗುತ್ತಾರೆ.